ಐದನೆಯ ಪದರದಲ್ಲಿ ಎಚ್ಚೆತ್ತ ಕಬ್ಬಿಣ

ಮನೆ ಕಟ್ಟಲೆಂದು ಬೀದಿಯಲ್ಲಿ ಸುರಿದ ಮರಳಿನ ಗುಡ್ಡೆ, ಕೆಟ್ಟುಹೋದ ರೇಡಿಯೊದ ಸ್ಪೀಕರಿನಿಂದ ಕಿತ್ತ ಒಂದು ಅಯಸ್ಕಾಂತ, ಅದಕ್ಕೆ ಕಟ್ಟಿದ ಮಾರುದ್ದದ ದಾರ. ಇಷ್ಟಿದ್ದರೆ ನಮ್ಮ ಬಾಲ್ಯದ ಒಂದು ಇಡೀ ಮಧ್ಯಾಹ್ನ ಕಳೆದುಹೋಗುತ್ತಿತ್ತು. ಮರಳಿನ ಮೇಲೆ ಎಳೆದಾಡಿ ಎತ್ತಿದರೆ ಅಯಸ್ಕಾಂತಕ್ಕೆ ಕಪ್ಪು ಗಡ್ಡ ಬೆಳೆದಿರುತ್ತಿತ್ತು. ಆ ಪುಡಿಯನ್ನು ಬೆಂಕಿಪೊಟ್ಟಣದಲ್ಲಿ ಕೂಡಿಟ್ಟು, ಕಾಗದದ ಮೇಲೆ ಹರಡಿ, ಅಡಿಯಲ್ಲಿ ಅಯಸ್ಕಾಂತ ಆಡಿಸಿದರೆ ಅದು ಮುಳ್ಳುಹಂದಿಯ ಹಾಗೆ ನಿಮಿರಿ ನಿಲ್ಲುತ್ತಿತ್ತು. ಆ ಪುಡಿ ಬಹುಪಾಲು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಮುಂದೆ ನಾನೇ ವಿಜ್ಞಾನದ ಮೇಷ್ಟ್ರಾದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಕಾಂತತ್ವದ ಪಾಠ ಮಾಡುತ್ತಿದ್ದೆ. ದಂಡಕಾಂತವನ್ನು ಎರಡಾಗಿ ಕತ್ತರಿಸಿದರೆ ಎರಡು ಅಯಸ್ಕಾಂತಗಳಾಗುತ್ತವೆ, ಪ್ರತಿ ತುಂಡಿಗೂ ಉತ್ತರ ಧ್ರುವ, ದಕ್ಷಿಣ ಧ್ರುವ ಎರಡೂ ಇರುತ್ತವೆ, ಮತ್ತೆ ಕತ್ತರಿಸಿದರೂ ಹಾಗೆಯೇ ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

‘ಎಲ್ಲಿಯವರೆಗೆ ಕತ್ತರಿಸಬಹುದು ಸಾರ್?’

‘ಕೊನೆಯ ಪರಮಾಣುವಿನವರೆಗೂ’ ಎಂದೆ.

‘ಅಷ್ಟು ಚಿಕ್ಕದಾದ ಮೇಲೂ ಅದಕ್ಕೆ ತನ್ನ ಉತ್ತರ ಯಾವುದು ಅಂತ ನೆನಪಿರುತ್ತಾ ಸಾರ್?’

ಪಾಠ ಮುಗಿಸುವ ಆತುರ ನನಗೆ. ‘ಪರೀಕ್ಷೆಗೆ ಅಷ್ಟೆಲ್ಲ ಬರುವುದಿಲ್ಲ, ಕೂತುಕೋ’ ಎಂದುಬಿಟ್ಟೆ. ಅವಳು ಕೂತಳು. ಅದೇ ಪ್ರಶ್ನೆಗಾಗಿ ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಭೌತವಿಜ್ಞಾನಿಗಳು ವರ್ಷಗಟ್ಟಲೆ ಬೆವರು ಸುರಿಸಿದ್ದರೆಂಬುದು ಆಗ ನನಗೆ ಗೊತ್ತಿರಲಿಲ್ಲ. ಒಂದೇ ವ್ಯತ್ಯಾಸ: ಅವರು ಕಬ್ಬಿಣವನ್ನು ಕತ್ತರಿಸುತ್ತಾ ಹೋಗಲಿಲ್ಲ. ಪರಮಾಣುವಿನ ಮೇಲೆ ಪರಮಾಣು ಪೇರಿಸುತ್ತಾ ಬಂದರು.

ನೆರೆಹೊರೆಯ ಒಪ್ಪಂದ

ಮೊದಲು ಕಬ್ಬಿಣ ಅಯಸ್ಕಾಂತವಾಗುವುದು ಹೇಗೆಂದು ನೋಡೋಣ. ಪ್ರತಿ ಎಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ. ಬಹಳಷ್ಟು ವಸ್ತುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಜೋಡಿಯಾಗಿ ಎದುರುಬದುರು ತಿರುಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಕಬ್ಬಿಣದಲ್ಲಿ ಕೆಲವು ಎಲೆಕ್ಟ್ರಾನುಗಳಿಗೆ ಇಂಥ ಜೋಡಿಯಿಲ್ಲ. ಆದ್ದರಿಂದ ಕಬ್ಬಿಣದ ಪರಮಾಣುವಿಗೆ ತನ್ನದೇ ಆದ ಕಾಂತತ್ವವಿದೆ. ಇಷ್ಟರಮಟ್ಟಿಗೆ ನಾನು ಅಂದು ಹೇಳಿದ್ದು ತಪ್ಪಲ್ಲ.

ಆದರೆ ಒಂಟಿ ಪರಮಾಣುವಿಗೆ ನೆನಪಿಲ್ಲ. ಉಷ್ಣ ಅದನ್ನು ಸದಾ ಕುಲುಕುತ್ತಿರುತ್ತದೆ. ಈ ಕ್ಷಣ ಇತ್ತ ತಿರುಗಿದ್ದು ಮರುಕ್ಷಣ ಅತ್ತ ತಿರುಗುತ್ತದೆ. ಅದನ್ನು ಒಂದು ದಿಕ್ಕಿಗೆ ಹಿಡಿದು ನಿಲ್ಲಿಸುವುದು ಪಕ್ಕದ ಪರಮಾಣುಗಳು. ನೆರೆಹೊರೆಯ ಕಬ್ಬಿಣದ ಪರಮಾಣುಗಳು ಒಂದೇ ದಿಕ್ಕಿಗೆ ಮುಖಮಾಡುವಂತೆ ಪರಸ್ಪರ ಒತ್ತಾಯಿಸುತ್ತವೆ. ಕೋಟ್ಯಂತರ ಪರಮಾಣುಗಳು ಹೀಗೆ ಒಪ್ಪಂದಕ್ಕೆ ಬಂದಾಗ ಅಯಸ್ಕಾಂತ ಹುಟ್ಟುತ್ತದೆ. ಕಬ್ಬಿಣವನ್ನು 770 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಉಷ್ಣದ ಕುಲುಕಾಟವೇ ಗೆದ್ದು ಒಪ್ಪಂದ ಮುರಿಯುತ್ತದೆ. ಕಬ್ಬಿಣ ಉಳಿಯುತ್ತದೆ, ಅಯಸ್ಕಾಂತ ಮಾಯವಾಗುತ್ತದೆ.

ಹಾಗಾದರೆ ನೆರೆಯವರೇ ಕಡಿಮೆಯಾದರೆ? ದಪ್ಪ ಗಟ್ಟಿಯ ಒಳಗಿರುವ ಪರಮಾಣುವಿಗೆ ಸುತ್ತಲೂ, ಮೇಲೆ ಕೆಳಗೆ, ಬಳಗವಿದೆ. ಒಂದೇ ಪದರದಲ್ಲಿ ಕೂತ ಪರಮಾಣುವಿಗೆ ಮೇಲೂ ಯಾರಿಲ್ಲ, ಕೆಳಗೂ ತನ್ನವರಿಲ್ಲ. ಹುಡುಗಿಯ ಪ್ರಶ್ನೆಯ ತಿರುಳು ಇದೇ.

ಚುಕ್ಕಿ ಹೊಂದಿದ ರಂಗೋಲಿ

ಪರಮಾಣುಗಳನ್ನು ಪದರಪದರವಾಗಿ ಪೇರಿಸಲು ಒಂದು ನೆಲ ಬೇಕು. ವಿಜ್ಞಾನಿಗಳು ಆರಿಸಿಕೊಂಡ ನೆಲಗಳಲ್ಲಿ ಒಂದು, ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಹರಳು. ಇದೇನೂ ನಮಗೆ ಅಪರಿಚಿತವಲ್ಲ. ಟಿ.ವಿ. ರಿಮೋಟಿನ ತುದಿಯಲ್ಲಿ ಕಣ್ಣಿಗೆ ಕಾಣದ ಬೆಳಕು ಬೀರುವ ಪುಟ್ಟ ದೀಪ ಈ ಬಳಗದ್ದೇ. ಹೆಸರಿನಲ್ಲಿರುವ ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣ ಎಂದು ಹೆದರುತ್ತಿದ್ದ ವಿಷದ ಮೂಲವಸ್ತು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಕಥೆಯಲ್ಲಿ ಇದರ ಪಾತ್ರವಿದೆ.

ಇದೇ ನೆಲ ಏಕೆ? ಚುಕ್ಕಿ ರಂಗೋಲಿ ಹಾಕುವವರಿಗೆ ಉತ್ತರ ಸುಲಭವಾಗಿ ಹೊಳೆಯುತ್ತದೆ. ಹರಳಿನಲ್ಲಿ ಪರಮಾಣುಗಳು ಚುಕ್ಕಿಗಳ ಹಾಗೆ ಅಳತೆಯಿಟ್ಟು ಕೂತಿರುತ್ತವೆ. ಕಬ್ಬಿಣದ ಹರಳಿನ ಮನೆಯ ಅಳತೆ 2.87 ಆಂಗ್‌ಸ್ಟ್ರಾಂ. ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು. ಗ್ಯಾಲಿಯಂ ಆರ್ಸೆನೈಡಿನ ಮನೆಯ ಅಳತೆ 5.65 ಆಂಗ್‌ಸ್ಟ್ರಾಂ. ಕಬ್ಬಿಣದ ಎರಡು ಮನೆ ಸೇರಿದರೆ 5.74. ವ್ಯತ್ಯಾಸ ನೂರಕ್ಕೆ ಸುಮಾರು ಒಂದೂವರೆಯಷ್ಟೇ. ನೆಲದ ಒಂದು ಚೌಕದ ಬದಿಗೆ ಕಬ್ಬಿಣದ ಎರಡು ಚೌಕ ಅಚ್ಚುಕಟ್ಟಾಗಿ ಹೊಂದುತ್ತವೆ. ಹೀಗಾಗಿ ಕೆಳಗಿನ ಹರಳಿನ ಸಾಲನ್ನೇ ಅನುಸರಿಸಿ ಮೇಲಿನ ಹರಳೂ ಬೆಳೆಯುತ್ತದೆ.

ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ನೌಕಾ ಸಂಶೋಧನಾ ಪ್ರಯೋಗಾಲಯದ ಗ್ಯಾರಿ ಪ್ರಿನ್ಜ್ ಮತ್ತು ಅವರ ಸಂಗಡಿಗರು 1981ರಲ್ಲಿ ಗ್ಯಾಲಿಯಂ ಆರ್ಸೆನೈಡಿನ ಮೇಲೆ ಕಬ್ಬಿಣದ ಒಂದೇ ಹರಳಿನ ತೆಳುಪೊರೆ ಬೆಳೆಸಿದ್ದನ್ನು ಪ್ರಕಟಿಸಿದರು. ಪ್ರಿನ್ಜ್ 1985ರಲ್ಲಿ ಇನ್ನೊಂದು ಸೋಜಿಗ ತೋರಿಸಿದರು. ಕೋಬಾಲ್ಟ್ ಲೋಹದ ಹರಳು ಸಹಜವಾಗಿ ಷಟ್ಕೋನದ ವಿನ್ಯಾಸದ್ದು. ಇದೇ ನೆಲದ ಮೇಲೆ ತೆಳುವಾಗಿ ಬೆಳೆಸಿದಾಗ ಅದು ತನ್ನ ಹುಟ್ಟುಗುಣ ಬಿಟ್ಟು ಕಬ್ಬಿಣದ ಹಾಗೆ ಘನಾಕೃತಿಯಲ್ಲಿ ಕೂತಿತು!

ಇಂಥ ಪೊರೆ ಬೆಳೆಸುವುದು ಸಾಮಾನ್ಯ ಕೆಲಸವಲ್ಲ. ಕಬ್ಬಿಣವನ್ನು ಆವಿ ಮಾಡಿ ಹರಳಿನ ಮೇಲೆ ಕೂರಿಸಬೇಕು, ನಿಮಿಷಕ್ಕೆ ಸುಮಾರು ಒಂದು ಪದರದ ನಿಧಾನದಲ್ಲಿ. ಅಷ್ಟರಲ್ಲಿ ಗಾಳಿ ಬಂದು ಅಂಟಿಕೊಂಡರೆ ಎಲ್ಲವೂ ಹಾಳು. ಆದ್ದರಿಂದ ಉಕ್ಕಿನ ಕೋಣೆಯೊಳಗಿನ ಗಾಳಿಯನ್ನು ಹೊರಗಿನ ಒತ್ತಡದ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿಗೆ ಇಳಿಸುತ್ತಾರೆ. ಅಷ್ಟು ಮಾಡಿದರೂ ಮೇಲ್ಮೈ ಚೊಕ್ಕಟವಾಗಿ ಉಳಿಯುವುದು ಕೆಲವೇ ಗಂಟೆ.

ಕಬ್ಬಿಣದ ಒಂದು ಪರಮಾಣು ಪದರದ ದಪ್ಪ 1.43 ಆಂಗ್‌ಸ್ಟ್ರಾಂ. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಬರಬೇಕಾದರೆ ಸುಮಾರು ಏಳು ಲಕ್ಷ ಪದರ ಪೇರಿಸಬೇಕು. ನಾವು ಮಾತಾಡುತ್ತಿರುವುದು ಮೂರು, ನಾಲ್ಕು, ಐದು ಪದರಗಳ ವಿಚಾರ.

ಕಬ್ಬಿಣಕ್ಕೆ ವಿಷವಿಟ್ಟವರು ಯಾರು?

ಪದರ ಬೆಳೆಯಿತು. ಆದರೆ ತೀರ ತೆಳುವಾದ ಪೊರೆಗಳಲ್ಲಿ ಕಾಂತತ್ವ ಲೆಕ್ಕಕ್ಕಿಂತ ಕಡಿಮೆ ಕಂಡುಬಂತು. ಕೆಲವೇ ಪದರಗಳಿದ್ದಾಗ ಕಾಣಲೇ ಇಲ್ಲ. ಮಾಪಕದ ಮುಳ್ಳು ಸೊನ್ನೆಯಲ್ಲೇ ನಿಂತಿತು. ನೆಲಕ್ಕೆ ಅಂಟಿದ ಮೊದಲ ಪದರಗಳು ಕಾಂತತ್ವದ ಮಟ್ಟಿಗೆ ಸತ್ತಿವೆ ಎಂದು ಅನೇಕರು ಭಾವಿಸಿದರು. ‘ಸತ್ತ ಪದರ’ ಎಂಬ ಹೆಸರೇ ಬಂತು.

ಅನುಮಾನ ಸಹಜವಾಗಿ ಪಾಷಾಣದ ಮೇಲೆ ಹೋಯಿತು. ಆರ್ಸೆನಿಕ್ ಪರಮಾಣುಗಳು ನೆಲದಿಂದ ಮೇಲೆದ್ದು ಕಬ್ಬಿಣದೊಳಕ್ಕೆ ನುಸುಳುತ್ತವೆ ಎಂಬುದು ಗೊತ್ತಿದ್ದ ವಿಷಯವೇ. ಎರಡು ಪಾಲು ಕಬ್ಬಿಣಕ್ಕೆ ಒಂದು ಪಾಲು ಆರ್ಸೆನಿಕ್ ಸೇರಿದ ಸಂಯುಕ್ತದಲ್ಲಿ ಪರಮಾಣುಗಳ ಕಾಂತತ್ವ ಎದುರುಬದುರಾಗಿ ನಿಂತು ಒಟ್ಟು ಮೊತ್ತ ಸೊನ್ನೆಯಾಗುತ್ತದೆ. ಅಂಥದ್ದೇ ಏನೋ ಆ ಮೊದಲ ಪದರಗಳಲ್ಲಿ ಆಗಿರಬೇಕು ಎಂಬ ತರ್ಕ.

ನೆಲ ಕಬ್ಬಿಣದ ವ್ಯವಹಾರದಲ್ಲಿ ಕೈಹಾಕುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿಯೂ ಇತ್ತು. ಕಬ್ಬಿಣದ ಹರಳು ಘನಾಕೃತಿಯದು. ಆ ಘನದ ಮುಖದಲ್ಲಿ ಒಂದಕ್ಕೊಂದು ಲಂಬವಾಗಿರುವ ಎರಡು ಅಂಚುಗಳ ದಿಕ್ಕೂ ಅದಕ್ಕೆ ಒಂದೇ. ಎರಡರಲ್ಲಿ ಯಾವ ಕಡೆಗಾದರೂ ಅದು ಸರಾಗವಾಗಿ ಕಾಂತವಾಗುತ್ತದೆ. ಆದರೆ ಗ್ಯಾಲಿಯಂ ಆರ್ಸೆನೈಡಿನ ಮೇಲೆ ತೆಳುವಾಗಿ ಕೂತ ಕಬ್ಬಿಣ ಈ ಸಮಾನತೆಯನ್ನು ಬಿಟ್ಟು ಮುಖದ ಒಂದು ಕರ್ಣದ ದಿಕ್ಕನ್ನೇ ಹೆಚ್ಚು ಇಷ್ಟಪಡುತ್ತದೆ. ಇನ್ನೊಂದು ಕರ್ಣ ಅದಕ್ಕೆ ಬೇಡ. ಹಲಗೆಯನ್ನು ಒಂದು ಕಡೆಗೆ ಸೀಳುವುದು ಸುಲಭ, ಅಡ್ಡಕ್ಕೆ ಕಷ್ಟ, ಅಲ್ಲವೇ? ಗ್ಯಾಲಿಯಂ ಆರ್ಸೆನೈಡಿನ ಮೇಲ್ಮೈಯ ರಾಸಾಯನಿಕ ಬಂಧಗಳಿಗೂ ಅಂಥ ಒಂದು ಎಳೆಯ ದಿಕ್ಕಿದೆ. ಆ ಎಳೆಯ ಗುಣ ಮೇಲಿನ ಕಬ್ಬಿಣಕ್ಕೂ ಬರುತ್ತದೆ. ಇಷ್ಟೆಲ್ಲ ಮಾಡುವ ನೆಲ ವಿಷ ಹಾಕುವುದಿಲ್ಲವೆಂದು ನಂಬುವುದು ಹೇಗೆ?

ಈ ಪ್ರಶ್ನೆ ಬರೀ ಕುತೂಹಲದ್ದಲ್ಲ. ಅಯಸ್ಕಾಂತದ ಗುಣವನ್ನು ಅರೆವಾಹಕದ ಒಳಕ್ಕೆ ಕಳಿಸಬೇಕೆಂಬ ಆಸೆ ವಿಜ್ಞಾನಿಗಳದು. ಅರ್ಥಾತ್ ಕಬ್ಬಿಣದಲ್ಲಿ ಒಂದೇ ದಿಕ್ಕಿಗೆ ಮುಖಮಾಡಿದ ಎಲೆಕ್ಟ್ರಾನುಗಳು ಹಾಗೆಯೇ ಸಾಲುಗಟ್ಟಿ ಅರೆವಾಹಕಕ್ಕೆ ದಾಟಬೇಕು. ಅವು ದಾಟಬೇಕಾದ ಹೊಸ್ತಿಲೇ ಈ ಮೊದಲ ಪದರಗಳು. ಹೊಸ್ತಿಲೇ ಸತ್ತಿದ್ದರೆ ಸಾಲು ಅಲ್ಲೇ ಚದುರಿಹೋಗುವ ಭಯವಿತ್ತು.

ಮೇಷ್ಟ್ರು ಕಂಡುಹಿಡಿದ ಕಣ್ಣು

ಐದು ಪದರದ ಪೊರೆಯ ಕಾಂತತ್ವವನ್ನು ಅಳೆಯುವುದು ಹೇಗೆ? ದಿಕ್ಸೂಚಿ ಹಿಡಿದರೆ ಅಲುಗುವುದಿಲ್ಲ. ಇಲ್ಲಿ ಉಪಕಾರಕ್ಕೆ ಬಂದದ್ದು ಸ್ಕಾಟ್ಲೆಂಡಿನ ಜಾನ್ ಕೆರ್ ಅವರ ಶೋಧ. ಈ ಪುಣ್ಯಾತ್ಮ ನಮ್ಮವರೇ. ಗ್ಲಾಸ್ಗೋ ನಗರದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಮೇಷ್ಟ್ರು! ಬೆಳಕಿನ ಅಲೆ ಒಂದೇ ಸಮತಲದಲ್ಲಿ ಕಂಪಿಸುವಂತೆ ಮಾಡಿ, ವಿದ್ಯುತ್ಕಾಂತದ ನಯವಾಗಿ ಉಜ್ಜಿದ ಧ್ರುವದ ಮೇಲೆ ಅದನ್ನು ಬೀಳಿಸಿದರೆ, ಪ್ರತಿಫಲಿಸಿದ ಬೆಳಕಿನ ಕಂಪನದ ಸಮತಲ ತುಸು ತಿರುಗಿರುತ್ತದೆ ಎಂದು ಅವರು 1877ರಲ್ಲಿ ಪ್ರಕಟಿಸಿದರು. ಕಾಂತತ್ವ ತಲೆಕೆಳಗಾದರೆ ತಿರುವೂ ತಲೆಕೆಳಗು. ನೂರು ವರ್ಷಗಳ ನಂತರ ಲೇಸರ್ ದೀಪದ ನೆರವಿನಿಂದ ಇದೇ ಉಪಾಯ ಒಂದೆರಡು ಪದರದ ಪೊರೆಗಳ ಕಾಂತತ್ವ ನೋಡುವ ಕಣ್ಣಾಯಿತು. ಆ ತಿರುವು ಒಂದು ಡಿಗ್ರಿಯ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೂ ಅಳೆಯಬಹುದು. ಪೊರೆಯನ್ನು ನಿರ್ವಾತದಿಂದ ಹೊರತೆಗೆಯಬೇಕಾಗಿಯೂ ಇಲ್ಲ. ಗಾಜಿನ ಕಿಟಕಿಯಿಂದ ಬೆಳಕು ಬಿಟ್ಟರೆ ಸಾಕು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಕ್ಯಾವೆಂಡಿಶ್ ಪ್ರಯೋಗಾಲಯದ ತಂಡವೊಂದು ಹೀಗೆಯೇ ಮಾಡಿತು. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಕಬ್ಬಿಣವನ್ನು ಸ್ವಲ್ಪ ಸ್ವಲ್ಪವೇ ಕೂರಿಸುತ್ತಾ, ಪ್ರತಿ ಹಂತದಲ್ಲೂ ಅಲ್ಲಿಯೇ ಕಾಂತತ್ವ ಅಳೆಯಿತು. 1998ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿತ್ತು. ಸರಾಸರಿ ಮೂರೂವರೆ ಪದರದವರೆಗೆ ಸೊನ್ನೆ. ಅಲ್ಲಿಂದ ಮುಂದೆ ಒಂದು ವಿಚಿತ್ರ ಸ್ಥಿತಿ: ಹೊರಗಿನಿಂದ ಅಯಸ್ಕಾಂತ ಹಿಡಿದರೆ ಕಬ್ಬಿಣ ಸ್ಪಂದಿಸುತ್ತದೆ, ತೆಗೆದರೆ ಮರೆತುಬಿಡುತ್ತದೆ. ಸುಮಾರು 4.8 ಪದರಕ್ಕೆ ಬಂದಾಗ, ಅಯಸ್ಕಾಂತ ತೆಗೆದ ಮೇಲೂ ನೆನಪು ಉಳಿಯಿತು. ಕಬ್ಬಿಣ ನಿಜವಾದ ಅಯಸ್ಕಾಂತವಾಗಿತ್ತು.

ಮೂಲಬಿಂದುವಿನ ಸಾಕ್ಷಿ

ಹಾಗಾದರೆ ಮೊದಲ ಮೂರು ಪದರ ಸತ್ತಿದ್ದವೇ? ಇದನ್ನು ತೀರ್ಮಾನಿಸಿದ ಉಪಾಯ ಹತ್ತನೆಯ ತರಗತಿಯ ಗಣಿತದಲ್ಲೇ ಇದೆ. ಮಕ್ಕಳೇ, ಒಂದು ನಕ್ಷೆ ಬರೆದುಕೊಳ್ಳಿ. ಅಡ್ಡ ಅಕ್ಷದಲ್ಲಿ ಪದರಗಳ ಸಂಖ್ಯೆ, ಲಂಬ ಅಕ್ಷದಲ್ಲಿ ಕಾಂತತ್ವದ ಸಂಕೇತ. ಐದು ಪದರದ ನಂತರ ಬಿಂದುಗಳು ಸರಳರೇಖೆಯಲ್ಲಿ ಏರುತ್ತವೆ. ಈಗ ಆ ರೇಖೆಯನ್ನು ಅಳತೆಪಟ್ಟಿಯಿಟ್ಟು ಹಿಂದಕ್ಕೆ ಎಳೆಯಿರಿ. ಮೊದಲ ಮೂರು ಪದರ ನಿಜಕ್ಕೂ ಸತ್ತಿದ್ದರೆ, ನಾಲ್ಕನೆಯದರಿಂದ ಲೆಕ್ಕ ಶುರುವಾಗಬೇಕು, ಅಂದರೆ ರೇಖೆ ಅಡ್ಡ ಅಕ್ಷವನ್ನು ಮೂರರಲ್ಲಿ ಕಡಿಯಬೇಕು. ಹಾಗಾಗಲಿಲ್ಲ. ರೇಖೆ ನೇರವಾಗಿ ಮೂಲಬಿಂದುವಿಗೆ ಬಂದು ಸೇರಿತು!

ಇದರ ಅರ್ಥವೇನು? ಐದನೆಯ ಪದರ ಎಚ್ಚೆತ್ತಾಗ ಅದೊಂದೇ ಎಚ್ಚರಾಗಲಿಲ್ಲ. ಮೊದಲ ಪದರದಿಂದ ಹಿಡಿದು ಇಡೀ ಕಬ್ಬಿಣ ಒಟ್ಟಿಗೆ ಎದ್ದು ಕೂತಿತು. ಯಾವ ಪದರವೂ ಸತ್ತಿರಲಿಲ್ಲ. 2004ರಲ್ಲಿ ಕ್ಷ-ಕಿರಣಗಳನ್ನು ಬಳಸಿ ನೆಲಕ್ಕೆ ಅಂಟಿದ ಕಬ್ಬಿಣದ ಪರಮಾಣುಗಳನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿದಾಗಲೂ ಅವುಗಳ ಕಾಂತತ್ವ ದಪ್ಪ ಕಬ್ಬಿಣದ ಪರಮಾಣುಗಳದರ ಹತ್ತಿರದಲ್ಲೇ ಇತ್ತು. ಪೊರೆಯನ್ನು ಬಿಸಿಮಾಡಿದರೆ ಆರ್ಸೆನಿಕ್ ಕಬ್ಬಿಣದೊಡನೆ ಬೆರೆತು ಕೆಡಿಸುವುದು ನಿಜ. ಆದರೆ ತಂಪಿನಲ್ಲಿ, ಜಾಗರೂಕತೆಯಿಂದ ಬೆಳೆಸಿದ ಪೊರೆಯಲ್ಲಿ ಪಾಷಾಣ ನಿರಪರಾಧಿ.

ಸೊನ್ನೆ ಬಂದದ್ದೇಕೆ ಎಂಬ ಪ್ರಶ್ನೆ ಉಳಿಯಿತಲ್ಲ? ಕೆಸುವಿನೆಲೆಯ ಮೇಲೆ ನೀರು ಚೆಲ್ಲಿದರೆ ಹರಡದೆ ಹನಿಹನಿಯಾಗಿ ನಿಲ್ಲುತ್ತದೆ. ಕಬ್ಬಿಣವೂ ಸುಮಾರಾಗಿ ಹಾಗೆಯೇ. ಅದು ಮೊದಲು ಸಮನಾದ ಹಾಸಾಗಿ ಹರಡದೆ ಸಣ್ಣ ಸಣ್ಣ ದ್ವೀಪಗಳಾಗಿ ಕೂರುತ್ತದೆ. ‘ಮೂರೂವರೆ ಪದರ’ ಎಂಬುದು ಬರೀ ಸರಾಸರಿ. ಪ್ರತಿ ದ್ವೀಪದಲ್ಲೂ ಕಬ್ಬಿಣ ಕಬ್ಬಿಣವೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಉಷ್ಣ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕುಲುಕುತ್ತದೆ. ದ್ವೀಪಗಳು ಬೆಳೆದು ಒಂದನ್ನೊಂದು ಮುಟ್ಟಿದ ಕ್ಷಣ ಒಪ್ಪಂದ ಇಡೀ ಪೊರೆಗೆ ಹಬ್ಬುತ್ತದೆ. ಉಷ್ಣಕ್ಕೆ ಆಗ ಇಡೀ ನಾಡನ್ನೇ ಅಲುಗಿಸಬೇಕು, ಅದು ಸಾಧ್ಯವಾಗುವುದಿಲ್ಲ.

ಇದನ್ನು ಶಾಲೆಯಲ್ಲೋ ಮನೆಯಲ್ಲೋ ನೋಡಬಹುದು. ಒಂದು ಪ್ರನಾಳದ ಮುಕ್ಕಾಲು ಭಾಗ ಕಬ್ಬಿಣದ ಪುಡಿ ತುಂಬಿ ಬಿರಡೆ ಹಾಕಿ. ಮಲಗಿಸಿ, ಬಲವಾದ ಅಯಸ್ಕಾಂತದ ಒಂದೇ ಧ್ರುವದಿಂದ ಒಂದೇ ದಿಕ್ಕಿಗೆ ಮೂವತ್ತು ನಲವತ್ತು ಸಲ ಸವರಿ. ಈಗ ಅಲುಗಿಸದೆ ಒಂದೊಂದೇ ತುದಿಯನ್ನು ದಿಕ್ಸೂಚಿಯ ಹತ್ತಿರ ತನ್ನಿ. ಒಂದು ತುದಿ ಮುಳ್ಳಿನ ಉತ್ತರವನ್ನು ಸೆಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಪುಡಿಯೇ ದಂಡಕಾಂತವಾಗಿದೆ! ಪ್ರನಾಳವನ್ನು ಚೆನ್ನಾಗಿ ಕುಲುಕಿ ಮತ್ತೆ ತನ್ನಿ. ಆ ಧ್ರುವಗಳು ಇಲ್ಲ. ಒಂದು ಕಣವೂ ಕಡಿಮೆಯಾಗಿಲ್ಲ, ಒಂದು ಕಣವೂ ಸತ್ತಿಲ್ಲ. ಒಗ್ಗಟ್ಟು ಮಾತ್ರ ಹೋಗಿದೆ. ಅಲ್ಲಿ ಕುಲುಕಿದ್ದು ಉಷ್ಣ, ಇಲ್ಲಿ ನಿಮ್ಮ ಕೈ.

ಇದರಿಂದ ನಮಗೇನು?

‘ಇದರಿಂದ ಅನ್ನ ಹುಟ್ಟುತ್ತದೆಯೇ?’ ಎಂದು ಪಾಲಕರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಫ್ರಾನ್ಸಿನ ಆಲ್ಬರ್ಟ್ ಫೆರ್ ತಂಡ 1988ರಲ್ಲಿ ಕಬ್ಬಿಣ ಮತ್ತು ಕ್ರೋಮಿಯಂಗಳ ತೆಳುಪದರಗಳನ್ನು ಒಂದರ ಮೇಲೊಂದು ಪೇರಿಸಿತು. ನೆಲ ಯಾವುದು ಗೊತ್ತೇ? ಇದೇ ಗ್ಯಾಲಿಯಂ ಆರ್ಸೆನೈಡ್. ಅದನ್ನು ಅತಿ ತಂಪಿನಲ್ಲಿಟ್ಟು ಕಾಂತಕ್ಷೇತ್ರ ಕೊಟ್ಟಾಗ ವಿದ್ಯುತ್ ರೋಧ ಸುಮಾರು ಅರ್ಧಕ್ಕೆ ಇಳಿಯಿತು. ಅದೇ ಕಾಲದಲ್ಲಿ ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಕೂಡ ಸ್ವತಂತ್ರವಾಗಿ ಇದೇ ಪರಿಣಾಮವನ್ನು ಕಂಡರು. 1997ರಲ್ಲಿ ಐಬಿಎಂ ಕಂಪನಿ ಈ ಪರಿಣಾಮವನ್ನು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಓದುವ ಭಾಗದಲ್ಲಿ ಬಳಸಿತು. ಡಿಸ್ಕಿನಲ್ಲಿ ಹಿಡಿಸುವ ಮಾಹಿತಿ ಅಲ್ಲಿಂದ ವೇಗವಾಗಿ ಹೆಚ್ಚುತ್ತಾ ಹೋಯಿತು. 2007ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು.

ಇನ್ನು ಹೊಸ್ತಿಲು ದಾಟುವ ಕನಸು. ಖರಗ್‌ಪುರದ ಐಐಟಿಯಲ್ಲಿ ಓದಿದ ಸುಪ್ರಿಯೊ ದತ್ತ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಬಿಸ್ವಜಿತ್ ದಾಸ್ ಜೊತೆಗೂಡಿ, ಎಲೆಕ್ಟ್ರಾನಿನ ಕಾಂತದಿಕ್ಕನ್ನೇ ತಿರುಗಿಸಿ ಕೆಲಸ ಮಾಡುವ ಹೊಸ ಬಗೆಯ ಟ್ರಾನ್ಸಿಸ್ಟರಿನ ಕಲ್ಪನೆಯನ್ನು 1990ರಲ್ಲಿ ಮುಂದಿಟ್ಟರು. 2001ರಲ್ಲಿ ಬರ್ಲಿನ್‌ನ ಪಾಲ್ ಡ್ರೂಡೆ ಸಂಸ್ಥೆಯವರು ಕಬ್ಬಿಣದಿಂದ ಗ್ಯಾಲಿಯಂ ಆರ್ಸೆನೈಡಿಗೆ ಎಲೆಕ್ಟ್ರಾನುಗಳು ದಿಕ್ಕು ಉಳಿಸಿಕೊಂಡು ದಾಟುವುದನ್ನು ಕೋಣೆಯ ಉಷ್ಣತೆಯಲ್ಲೇ ತೋರಿಸಿದರು. ಯಶಸ್ಸು ನೂರಕ್ಕೆ ಎರಡರಷ್ಟು ಮಾತ್ರ. ಆದರೂ ಹೊಸ್ತಿಲು ಸತ್ತಿಲ್ಲವೆಂಬುದು ಖಚಿತವಾಯಿತು. ಅಂಥ ಟ್ರಾನ್ಸಿಸ್ಟರ್ ಇನ್ನೂ ಅಂಗಡಿಗೆ ಬಂದಿಲ್ಲ. ಈ ಲೇಖನ ಓದುತ್ತಿರುವ ಮಕ್ಕಳಲ್ಲಿ ಯಾರಿಗಾದರೂ ಅಲ್ಲಿ ಕೆಲಸ ಬಾಕಿಯಿದೆ.

ಕೊನೆಗೊಂದು ಮಾತು. ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಹೀಗೆ: ‘ಒಂದು ಪರಮಾಣುವಿಗೆ ಕಾಂತತ್ವವಿದೆ ಮಗೂ, ನೆನಪಿಲ್ಲ. ಗ್ಯಾಲಿಯಂ ಆರ್ಸೆನೈಡಿನ ಮೇಲೆ ಕೂತ ಕಬ್ಬಿಣಕ್ಕೆ, ನಮ್ಮ ಕೋಣೆಯ ಉಷ್ಣತೆಯಲ್ಲಿ, ನೆನಪು ಬರುವುದು ಐದನೆಯ ಪದರದ ಹೊತ್ತಿಗೆ.’ ಈಗ ಒಂಬತ್ತನೆಯ ತರಗತಿಗೆ ಪ್ರತಿವರ್ಷ ಪ್ರನಾಳ ಕುಲುಕಿ ತೋರಿಸುತ್ತೇನೆ. ಪರೀಕ್ಷೆಗೆ ಬರುವುದಿಲ್ಲ ಎಂದು ಯಾರನ್ನೂ ಕೂರಿಸುವುದಿಲ್ಲ. ಪಾಲಕರಲ್ಲಿಯೂ ಅದೇ ಕೋರಿಕೆ: ಮನೆಯಲ್ಲಿ ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಹುಡುಕೋಣ’ ಎನ್ನಿ. ಮಾಪಕದಲ್ಲಿ ಸೊನ್ನೆ ಬಂದಾಗ ಕಬ್ಬಿಣ ಸತ್ತಿದೆ ಎಂದು ಅಲ್ಲಿಗೇ ಬಿಟ್ಟಿದ್ದರೆ ಐದನೆಯ ಪದರವನ್ನು ಯಾರೂ ಕೂರಿಸುತ್ತಿರಲಿಲ್ಲ.